ಕೆಸರಲ್ಲಿ ಸಿಕ್ಕ ಹಂದಿಮೀನಿಗೆ ನೀರೆರೆದ ಚೆನ್ನಯ

ಬೆಳಗಿನ ಐದೂಮುಕ್ಕಾಲು. ನವಿ ಮುಂಬಯಿಯ ಐರೋಲಿ ಸೇತುವೆಯ ಮೇಲೆ ಮುಲುಂಡಿನತ್ತ ಗಾಡಿಗಳ ಸಾಲು ಆಗಲೇ ಹೊರಟಿದೆ. ಕೆಳಗೆ, ಖಾಡಿಯೆನ್ನುವ ಕಡಲ ಹಿನ್ನೀರಿನಲ್ಲಿ, ಚೆನ್ನಯ ಸಾಲ್ಯಾನ್ ದೋಣಿಯಂಚಿಗೆ ಮೊಣಕಾಲೂರಿ ಕಾಂಡ್ಲಾ ಗಿಡಗಳ ಬೇರುಗಳ ನಡುವಿನ ಪ್ಲಾಸ್ಟಿಕ್ ಎಳೆಯುತ್ತಿದ್ದಾರೆ. ಹಾಲಿನ ತೊಟ್ಟೆ, ಒಂಟಿ ಚಪ್ಪಲಿ, ಹರಿದ ಬಲೆ. ನೀರು ಇಳಿಯುವುದರೊಳಗೆ ಹತ್ತು ಗೋಣಿ ತುಂಬಬೇಕು. ದೋಣಿ ನಡೆಸುವವರು ಇಲ್ಲಿನವರೇ ಆದ ಮೀನುಗಾರ ಶಂಭು.

ಮಲ್ಪೆಯ ಚೆನ್ನಯರಿಗೆ ಈಗ ಐವತ್ತೆಂಟು. ಹದಿನೇಳರಲ್ಲಿ ಮುಂಬಯಿ ಹತ್ತಿರದ ಕಲ್ಯಾಣದ ಹೋಟೆಲಿಗೆ ಬಂದು ಕಪ್ಪುಬಸಿ ತೊಳೆದರು. ಆಮೇಲೆ ದೋಸೆ ಕಾವಲಿಯೆದುರು ಇಪ್ಪತ್ತೆರಡು ವರ್ಷ ನಿಂತರು. ಹೋಟೆಲು ಮುಚ್ಚಿತು, ಈ ಗುತ್ತಿಗೆ ಕೆಲಸ ಸಿಕ್ಕಿತು. "ನೀರು ನಮಗೆ ಹೊಸತಲ್ಲ ಮಾರಾಯ್ರೆ, ಈ ವಾಸನೆ ಮಾತ್ರ ಹೊಸತು," ಎನ್ನುತ್ತಾರೆ.

ಹೋದ ಡಿಸೆಂಬರಿನ ಒಂದು ಬೆಳಿಗ್ಗೆ, ಇಳಿತದ ಹೊತ್ತಿಗೆ, ಕೆಸರಿನಲ್ಲಿ ಬೂದು ಬಣ್ಣದ್ದೇನೋ ಮಿಸುಕಿತು. ಡಾಲ್ಫಿನ್. ಚೆನ್ನಯರ ಊರಲ್ಲಿ ಅದು ಹಂದಿಮೀನು. ಶಂಭು ಅರಣ್ಯ ಇಲಾಖೆಗೆ ಫೋನು ಮಾಡಿದರು. ಇಲಾಖೆಯವರು ಬರುತ್ತೇವೆಂದರು, ಆದರೆ ನೀರು ಏರುವವರೆಗೆ ಆ ಕೆಸರಿಗೆ ದೋಣಿ ತರುವಂತಿರಲಿಲ್ಲ. ಚೆನ್ನಯ ಸೊಂಟದವರೆಗೆ ಕೆಸರಿಗಿಳಿದರು. ಒದ್ದೆ ಗೋಣಿ ಹೊದಿಸಿ, ತಲೆಯ ಮೇಲಿನ ಉಸಿರಿನ ತೂತಿಗೆ ನೀರು ಹೋಗದಂತೆ ಅಂಗೈ ಅಡ್ಡ ಹಿಡಿದು, ಡಬ್ಬದಿಂದ ನೀರೆರೆಯುತ್ತ ಐದು ಗಂಟೆ ನಿಂತರು.

"ನನ್ನ ಅಜ್ಜ ಹೇಳ್ತಿದ್ರು, ಹಂದಿಮೀನು ಬಲೆಗೆ ಬಿದ್ರೆ ಬಲೆ ಕೊಯ್ದಾದ್ರೂ ಬಿಡ್ಬೇಕು, ಕಡಲಲ್ಲಿ ದಾರಿ ತಪ್ಪಿದವರನ್ನು ಅದು ದಡಕ್ಕೆ ಮುಟ್ಟಿಸ್ತದೆ ಅಂತ. ನಿಜವೋ ಸುಳ್ಳೋ ಗೊತ್ತಿಲ್ಲ. ಅದು ಉಸಿರು ಬಿಡುವಾಗ ಮನುಷ್ಯರ ಹಾಗೇ ಕೇಳ್ತದೆ. ಬಿಟ್ಟು ಬರ್ಲಿಕ್ಕೆ ಆಗ್ಲಿಲ್ಲ."

ಮಧ್ಯಾಹ್ನ ನೀರೇರಿತು. ಬಾಲ ಒಮ್ಮೆ ಬಡಿಯಿತು, ಹಂದಿಮೀನು ಆಳದ ನೀರಿಗೆ ಈಜಿಹೋಯಿತು. ಕೆಸರಿನೊಳಗಿನ ಚಿಪ್ಪು ತಾಗಿ ಕೊಯ್ದಿದ್ದ ಚೆನ್ನಯರ ಪಾದಕ್ಕೆ ಏಳು ಹೊಲಿಗೆ ಬಿತ್ತು.

ವಾರ ಕಳೆದು, ದಡಕ್ಕೆ ಸತ್ತ ಡಾಲ್ಫಿನ್ ಬಂದಿದೆಯೆಂದು ಸುದ್ದಿ ಬಂತು. ಕುಂಟುತ್ತಲೇ ಹೋಗಿ ನೋಡಿದರು. ತಾವು ಕಾದದ್ದರ ಬೆನ್ನಿನ ರೆಕ್ಕೆಯ ತುದಿ ಹರಿದಿತ್ತು, ಇದರದ್ದು ಸರಿಯಿತ್ತು. "ಸಮಾಧಾನ ಆಯ್ತು. ಆದರೆ ಇದನ್ನೂ ಯಾರಾದರೂ ನೋಡಿದ್ದರೆ ಅಂತ ಅನಿಸಿತು." ಹೂಳುವ ಕೆಲಸಕ್ಕೆ ಅವರೂ ಕೈ ಹಾಕಿದರು.

ಮಗಳು ನಿಶ್ಮಿತಾ ಐರೋಲಿಯಲ್ಲೇ ಕಂಪ್ಯೂಟರ್ ಕಂಪನಿಯೊಂದರಲ್ಲಿದ್ದಾಳೆ. ಅಪ್ಪ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಾಳೆ. "ಖಾಡಿ ಮೆ ಡಾಲ್ಫಿನ್? ಸಚ್ಚಿ, ಪಪ್ಪಾ?" ಅಂದಳಂತೆ, ಹೊಲಿಗೆ ನೋಡಿದ ಮೇಲೂ ನಂಬಿಕೆ ಬಾರದೆ.

ಏನಾದರೂ ಆಸೆ ಉಂಟೇ ಎಂದರೆ ಚೆನ್ನಯ ಗೋಣಿಯ ಬಾಯಿ ಕಟ್ಟುತ್ತ ಹೇಳುತ್ತಾರೆ: "ಒಂದು ಆದಿತ್ಯವಾರ ಅವಳನ್ನು ಈ ದೋಣಿಯಲ್ಲಿ ಕರ್ಕೊಂಡು ಬರ್ಬೇಕು. ಹಂದಿಮೀನು ಕಾಣದಿದ್ರೂ ಅಡ್ಡಿಲ್ಲ. ಅರ್ಧ ಗಂಟೆ ನೀರು ನೋಡ್ತಾ ಕೂತರೆ ಸಾಕು."