ಒಂದೇ ಅಂಗಳದಲ್ಲಿ ಬೆಳೆದವರು

ನಮ್ಮ ವಿಜ್ಞಾನದ ಮೇಷ್ಟ್ರು ಸೀಮೆಸುಣ್ಣದ ತುಂಡನ್ನು ಬೀಡಿಯ ಹಾಗೆ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಶಾಲೆ ಬಿಟ್ಟ ಮೇಲೂ ತೆಗೆಯಲು ಮರೆತು ಟೇಕಲ್ ಸ್ಟೇಷನ್ನಿನವರೆಗೆ ಹಾಗೇ ನಡೆದುಹೋಗುವರು. ಮನುಷ್ಯ ಮಾಡುವುದಕ್ಕೆಲ್ಲ ಅವರ ಬಳಿ ಒಂದೇ ಕಾರಣವಿತ್ತು: ಲಕ್ಷಾಂತರ ವರ್ಷಗಳ ಹಿಂದೆ ಹಾಗೆ ಮಾಡಿದವರು ಉಳಿದುಕೊಂಡರು. ಹಾವು ಕಂಡರೆ ಹಾರುತ್ತೇವಲ್ಲ, ಬೆಲ್ಲ ಕಂಡರೆ ಬಾಯಲ್ಲಿ ನೀರೂರುತ್ತದಲ್ಲ, ಎಲ್ಲಕ್ಕೂ ಅದೇ. "ಹಾರದೋರು ಸತ್ರು ಕಣೇ, ಹಾರಿದೋರ ಮೊಮ್ಮಕ್ಕಳು ನಾವು" ಎನ್ನುತ್ತಿದ್ದರು. ಬೆನ್ನ ಹಿಂದೆ ನಮಗೆ ಅವರು ಕೋತಿ ಮೇಷ್ಟ್ರು.

ಎಪ್ಪತ್ತರ ದಶಕದ ಕೊನೆ. ನನ್ನ ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲೇ ನನ್ನನ್ನು ಅಮ್ಮನ ತಮ್ಮನಿಗೆ ಕೊಡುವುದೆಂದು ಗೊತ್ತು ಮಾಡಿದರು. ನಮ್ಮ ಕಡೆ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ತಮ್ಮನದು. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಮಾವ ನಮ್ಮ ಮನೆಯಲ್ಲೇ ಬೆಳೆದವನು, ನನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟವನು. ನನಗೆ ಊಟ ಸೇರದಾಯಿತು, ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಅಂಕಪಟ್ಟಿ ತರಲು ಹೋದಾಗ ಮೇಷ್ಟ್ರ ಮುಂದೆ ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ.

ನಿಶ್ಚಯದ ಎಲೆ ಅಡಿಕೆ ಬದಲಾಯಿಸುವ ದಿನ ಅವರು ಕರೆಯದೆಯೇ ಬಂದರು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನಮ್ಮದು ರೇಷ್ಮೆಹುಳು ಸಾಕುವ ಮನೆ, ಮೇಷ್ಟ್ರು ಮೊದಲು ಅದರ ಮಾತು ತೆಗೆದು ಕೆಲಸ ಕೆಡಿಸಿದರು. ಒಂದೇ ತಳಿಯಲ್ಲೇ ಮೊಟ್ಟೆ ತೆಗೆಯುತ್ತ ಹೋದರೆ ಹುಳು ಸೊರಗುವುದು ನಿಮಗೇ ಗೊತ್ತಲ್ಲ ಎಂದರು.

"ನಮ್ಮ ಮಕ್ಕಳು ಹುಳಾನಾ?" ಎಂದು ಅಪ್ಪ ಎದ್ದು ನಿಂತ.

"ಅದು ಬಿಡಿ. ಒಂದೇ ಅಂಗಳದಲ್ಲಿ ಬೆಳೆದೋರಿಗೆ ಒಬ್ಬರ ಮೇಲೊಬ್ಬರಿಗೆ ಆಸೆ ಹುಟ್ಟಲ್ಲ. ಪ್ರಕೃತೀನೇ ಹಾಕಿರೋ ಬೇಲಿ ಅದು."

ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ. "ಏಮಿ ಮೇಷ್ಟ್ರೇ, ನೀವು ಕಟ್ಕೊಂಡಿರೋದೂ ಅಕ್ಕನ ಮಗಳನ್ನೇ ಅಲ್ವಾ?"

ಯಾರೋ ನಕ್ಕರು. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಇನ್ನು ಎದ್ದು ಹೋಗುತ್ತಾರೆ, ನನ್ನ ಕತೆ ಮುಗಿಯಿತು ಎಂದುಕೊಂಡೆ.

"ಹೌದಮ್ಮ, ಅದಕ್ಕೇ ಬಂದಿದೀನಿ. ಮದುವೆಯಾಗಿ ಹದಿನೆಂಟು ವರ್ಷ ಆಯ್ತು. ಇವತ್ತಿಗೂ ನನ್ನ ಕಣ್ಣಿಗೆ ಅವಳು ನಾನು ಎತ್ತಾಡ್ಸಿದ ಮಗೂನೇ." ಆಮೇಲೆ ಮಾವನ ಕಡೆ ತಿರುಗಿದರು. "ನೀನು ಹೇಳಪ್ಪ."

"ಇವಳ ಮೂಗು ಒರೆಸಿದೋನು ನಾನು. ನನ್ನ ಕೈಲಾಗಲ್ಲಕ್ಕಾ" ಎಂದು ಮಾವ ಅಮ್ಮನಿಗೆ ಹೇಳಿ ಹೊರಗೆ ನಡೆದುಬಿಟ್ಟ.

ಮದುವೆ ನಿಂತಿತು. ಅಜ್ಜಿ ಸಾಯುವವರೆಗೂ ಮೇಷ್ಟ್ರನ್ನು ಮಾತಾಡಿಸಲಿಲ್ಲ. ನಾನು ಕೋಲಾರದಲ್ಲಿ ಓದಿ ಅವರ ಕೆಲಸವನ್ನೇ ಹಿಡಿದೆ. ನನ್ನ ಬದುಕು ಅವರು ಕೊಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದಿನದ ಮಾತು ಊರೆಲ್ಲ ಸುತ್ತಿ ಅವರ ಹೆಂಡತಿಯ ಕಿವಿಗೆ ಬಿದ್ದಿರಲೇಬೇಕು ಎಂಬ ಅಳುಕು ಮಾತ್ರ ಹೋಗಲಿಲ್ಲ. ಆಕೆ ಎದುರಿಗೆ ಸಿಕ್ಕರೆ ತಲೆ ತಗ್ಗಿಸಿ ದಾಟುತ್ತಿದ್ದೆ.

ಎಂಬತ್ತರ ದಶಕದ ನಡುವೆ ಮೇಷ್ಟ್ರು ತೀರಿಕೊಂಡರು. ಹೋಗಲೇಬೇಕಾಯಿತು. "ನನ್ನಿಂದ ನಿಮ್ಮ ಮನೆ ಮಾತು ಬೀದಿಗೆ ಬಿತ್ತಮ್ಮ" ಎಂದು ಆಕೆಯ ಕೈ ಹಿಡಿದೆ.

ಆಕೆ ಕೈ ಬಿಡಿಸಿಕೊಳ್ಳಲಿಲ್ಲ. "ಅವರು ಅಂದಿದ್ದು ನಿಜ ಕಣಮ್ಮ. ನನಗೂ ಅವರು ಕೊನೇವರೆಗೂ ಎತ್ತಾಡ್ಸಿದ ಮಾವಾನೇ. ಆದ್ರೆ ನಂಗೆ ಎಲೆ ಅಡಿಕೆ ಹಾಕ್ದಾಗ ಬೇಡ ಅನ್ನೋಕೆ ಯಾವ ಮೇಷ್ಟ್ರೂ ಬರಲಿಲ್ಲ."