ಒಂದು ಡಬ್ಬಿಯ ಮಳೆ, ಏಳು ಹಳ್ಳಿಯ ಬರ

ಬೆಳಗಿನ ಆರು ಗಂಟೆ. ಯಲ್ದೂರಿನಿಂದ ಮೂರು ಮೈಲಿ ಆಚೆಗಿರುವ ಮಿಟ್ಟೆಹಳ್ಳಿಯ ದಿಬ್ಬದ ಮೇಲಿನ ಹಳೆಯ ಸರ್ಕಾರಿ ಬಂಗಲೆಯ ಹಿತ್ತಲು. ತಂತಿಬೇಲಿ ಹಾಕಿದ ನಾಲ್ಕು ಮಾರು ಜಾಗದ ನಡುವೆ, ನೆಲದಿಂದ ಒಂದಡಿ ಎತ್ತರಕ್ಕೆ ಒಂದು ತಗಡಿನ ಡಬ್ಬಿ. ಅದರ ಎದುರು ಕುಕ್ಕರುಗಾಲಿನಲ್ಲಿ ಕೂತಿರುವವರು ಆವಲಪ್ಪ. ರಾತ್ರಿ ಗುಡುಗಿ ಅರ್ಧ ಗಂಟೆ ಸುರಿದು ಹೋಗಿದೆ. ಡಬ್ಬಿಯೊಳಗಿನ ಸೀಸೆಯಲ್ಲಿ ನೀರಿದೆ ಎಂದು ಅವರಿಗೆ ಗೊತ್ತು. ಆದರೂ ಮುಟ್ಟುವ ಹಾಗಿಲ್ಲ, ಅಳೆಯುವ ಹೊತ್ತು ಎಂಟೂವರೆ.

ಎರಡೂವರೆ ಗಂಟೆ ಮುಂಚೆ ಬಂದು ಮಾಡುವುದೇನು? ಲಾಳಿಕೆಯ ಬಾಯಿಗೆ ಬಿದ್ದ ಬೇವಿನೆಲೆ ತೆಗೆಯುತ್ತಾರೆ. ನೀರು ಕುಡಿಯಲು ಹೊಂಚು ಹಾಕುವ ಕಾಗೆಯನ್ನು ಓಡಿಸುತ್ತಾರೆ. ಉಳಿದ ಹೊತ್ತು ಸುಮ್ಮನೆ ಕೂರುತ್ತಾರೆ. ಶ್ರೀನಿವಾಸಪುರ ತಾಲ್ಲೂಕಿನ ಈ ಮೂಲೆಯಲ್ಲಿ ಒಂದು ಹನಿ ಬಿದ್ದರೂ ಜನ ಆಕಾಶಕ್ಕೆ ಕೈ ಮುಗಿಯುವ ಕಾಲ ಇದು. ಈ ಮನುಷ್ಯನ ಮುಖ ಮಾತ್ರ ಬಾಡಿದೆ. "ಇವತ್ತು ಬರಬಾರದಿತ್ತು," ಎಂದು ಸುದ್ದಿ ಬರೆಯಲು ಬಂದ ನಮಗೆ ಹೇಳುತ್ತಾರೆ. "ಬಂದ್ರೆ ಎಲ್ಲಾ ಕಡೆ ಬರಬೇಕು, ಇಲ್ಲಾಂದ್ರೆ ನನ್ನ ಡಬ್ಬಿಗೂ ಬರಬಾರದು."

ಹಾಗೇಕೆ ಅನ್ನುತ್ತಾರೆ ಎಂದು ತಿಳಿಯಬೇಕಾದರೆ ಹದಿನಾರು ವರ್ಷ ಹಿಂದಕ್ಕೆ ಹೋಗಬೇಕು.

ಆವಲಪ್ಪನವರಿಗೆ ಈಗ ಐವತ್ತನಾಲ್ಕು. ಓದಿದ್ದು ನಾಲ್ಕನೆಯ ತರಗತಿ. ಮನೆಯ ರಾಗಿ ಹೊಲ, ಹಿಪ್ಪುನೇರಳೆ ತೋಟ ತಮ್ಮನ ಪಾಲಾದಾಗ ಇವರಿಗೆ ಒದಗಿದ್ದು ಬಂಗಲೆಯ ಕಾವಲು, ಜೊತೆಗೆ ಮಳೆ ಅಳೆಯುವ ಕೆಲಸ. ಅದು ೧೯೭೧. ಬಂಗಲೆಗೆ ಬರುವವರು ನಿಂತು ಎಷ್ಟೋ ಕಾಲವಾಯಿತು, ಡಬ್ಬಿಯ ಕೆಲಸ ಉಳಿಯಿತು. ದಿನವೂ ಎಂಟೂವರೆಗೆ ಸೀಸೆಯ ನೀರನ್ನು ಗೆರೆ ಕೊರೆದ ಗಾಜಿನ ಲೋಟಕ್ಕೆ ಬಗ್ಗಿಸಬೇಕು. ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿ ಎಷ್ಟು ಮಿಲಿಮೀಟರು ಎಂದು ಓದಬೇಕು. ಪುಸ್ತಕದಲ್ಲಿ ಬರೆದು ಮೇಲಿನ ಕಚೇರಿಗೆ ಕಾರ್ಡು ಹಾಕಬೇಕು. ಸುತ್ತಲಿನ ಏಳು ಹಳ್ಳಿಗಳಿಗೂ ಇದೊಂದೇ ಡಬ್ಬಿ. ಇಲ್ಲಿ ಬಿದ್ದದ್ದೇ ಅಲ್ಲಿಯೂ ಬಿದ್ದದ್ದು ಎಂದು ಸರ್ಕಾರದ ಲೆಕ್ಕ.

ಇಲ್ಲಿಯವರೆಗೆ ಐದು ಸಾವಿರದ ಎಂಟುನೂರು ಚಿಲ್ಲರೆ ಬೆಳಗುಗಳಾಗಿವೆ. ಒಂದನ್ನೂ ತಪ್ಪಿಸಿಲ್ಲ. ಮಗಳ ಮದುವೆಯ ದಿನ ಧಾರೆಗೆ ಮುಂಚೆ ಹುಡುಗಿಯ ಅಪ್ಪನೇ ಕಾಣೆಯಾಗಿ ಬೀಗರು ಗಾಬರಿಯಾಗಿದ್ದರಂತೆ. ಹುಡುಕಿಕೊಂಡು ಬಂದವರಿಗೆ ಕಂಡಿದ್ದು, ರೇಷ್ಮೆ ಪಂಚೆ ಉಟ್ಟು ಹಿತ್ತಲಿನಲ್ಲಿ ಹೊಟ್ಟೆಯಡಿ ಮಾಡಿಕೊಂಡು ಮಲಗಿ ಲೋಟ ನೋಡುತ್ತಿದ್ದ ಆವಲಪ್ಪ. ಆ ದಿನ ಓದಿದ್ದು ಸೊನ್ನೆ. "ಸೊನ್ನೇನೂ ನೋಡೇ ಬರೀಬೇಕು ಸ್ವಾಮಿ. ಮನೇಲಿ ಕೂತು ಬರೆದ ಸೊನ್ನೆ ಬೇರೆ, ನೋಡಿ ಬರೆದ ಸೊನ್ನೆ ಬೇರೆ," ಎಂದು ಈಗಲೂ ವಾದಿಸುತ್ತಾರೆ.

ಸೊನ್ನೆಯ ಬೆಲೆ ಅವರಿಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮರುವರ್ಷ. ಆಗ ಬಿದ್ದ ಬರದಲ್ಲಿ ಜೂನ್, ಜುಲೈ, ಆಗಸ್ಟ್ ಮೂರು ತಿಂಗಳೂ ಪುಸ್ತಕದ ತುಂಬ ಸೊನ್ನೆ. ಬರೆಯಲು ಕೈಯೇ ಏಳುತ್ತಿರಲಿಲ್ಲವಂತೆ. ಆದರೆ ದೀಪಾವಳಿಯ ಹೊತ್ತಿಗೆ ನಂಗಲಿಯ ಕಡೆಯಿಂದ ಲಾರಿಗಳು ಬಂದವು. ಮೂಟೆ ಮೂಟೆ ಗೋಧಿ, ಸ್ಕೂಲಿನ ಮಕ್ಕಳಿಗೆ ಹಾಲಿನ ಪುಡಿಯ ಡಬ್ಬಿಗಳು. ಎಲ್ಲವೂ ಪರದೇಶದಿಂದ ಹಡಗಿನಲ್ಲಿ ಬಂದದ್ದು. ಊರಿನಲ್ಲಿ ಗೋಧಿ ಬೇಯಿಸುವುದು ಗೊತ್ತಿದ್ದವರೇ ಇಲ್ಲ, ರಾಗಿಯ ಹಾಗೆ ಮುದ್ದೆ ಕಟ್ಟಲು ಹೋದರೆ ಅಂಟಂಟಾಯಿತು, ನಕ್ಕರು, ನಕ್ಕು ತಿಂದರು. ಲಾರಿಯ ಜೊತೆ ಬಂದ ಅಧಿಕಾರಿಯೊಬ್ಬರು ಆವಲಪ್ಪನವರ ಬೆನ್ನು ತಟ್ಟಿ, ನಿಮ್ಮ ಅಂಕಿ ನೋಡಿಯೇ ಇದು ಬಂದದ್ದು ಅಂದರಂತೆ.

"ನನಗೆ ಎದೆ ತುಂಬಿ ಬಂತು," ಎನ್ನುತ್ತಾರೆ ಆವಲಪ್ಪ. "ಆ ಗೋಧಿ ಬೆಳೆದೋನು ನನ್ನ ಮುಖ ನೋಡಿಲ್ಲ, ನಾನು ಅವನ ಮುಖ ನೋಡಿಲ್ಲ. ನಾನು ಸೊನ್ನೆ ಅಂತ ಬರೆದೆ, ಅವನು ನಂಬಿದ. ಅಷ್ಟೇ ತಾನೆ?"

ಅಷ್ಟೇ. ದೇಶ ದೇಶಕ್ಕೆ ನೆರವಾಗುವುದು ಎಂದು ದೊಡ್ಡ ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡುವವರು ಈ ಎರಡು ಮಾತಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಒಳ್ಳೆಯದು.

ಎರಡು ವರ್ಷದ ಹಿಂದೆ, ೧೯೮೫ರ ಆಗಸ್ಟಿನಲ್ಲಿ ಎಲ್ಲ ತಿರುಗಿಬಿತ್ತು. ಬಿತ್ತಿದ ರಾಗಿ ಗೇಣುದ್ದ ಎದ್ದು ಸುಟ್ಟುಹೋಗಿತ್ತು. ಮಘೆ ಮಳೆ ಮುಗಿಯಲು ಎರಡು ದಿನವಿದ್ದಾಗ ಒಂದು ಸಂಜೆ ಒಂಟಿ ಮೋಡವೊಂದು ಬಂದು ಬಂಗಲೆಯ ದಿಬ್ಬದ ಮೇಲೆ ನಿಂತು ಸುರಿಯಿತು. ದಿಬ್ಬದ ಕೆಳಗಿನ ಹಾದಿಯಲ್ಲಿ ದೂಳು ಅಡಗಲಿಲ್ಲ. ಮರುದಿನ ಬೆಳಿಗ್ಗೆ ಲೋಟದಲ್ಲಿ ಅರವತ್ತೆರಡು ಮಿಲಿಮೀಟರು.

ಎಂಟೂವರೆಗೆ ಮುಂಚೆಯೇ ಏಳು ಹಳ್ಳಿಯ ಹಿರಿಯರು ಬೇಲಿಯ ಹತ್ತಿರ ನಿಂತಿದ್ದರು. ಮುಂದೆ ನಿಂತವರು ಆವಲಪ್ಪನವರ ಹೆಂಡತಿಯ ತಮ್ಮ ಮುನಿಕೃಷ್ಣಪ್ಪ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದಷ್ಟು ಸಲಿಗೆ. "ಪಾರಬೊಯ್ಯಿ ಬಾವಾ, ಚೆಲ್ಲಿಬಿಡು," ಎಂದರು ತೆಲುಗು ಕನ್ನಡ ಬೆರೆಸಿ. "ಯಾರು ನೋಡ್ತಾರೆ? ಸೊನ್ನೆ ಅಂತ ಬರಿ. ನಮ್ಮ ಹೊಲಕ್ಕೆ ಬಿದ್ದಿದ್ದು ಸೊನ್ನೆ ತಾನೆ?"

ಆ ಮಾತು ಸುಳ್ಳಲ್ಲ. ಅದೇ ಕಷ್ಟ. ಲೋಟ ಕೈಯಲ್ಲಿ ಹಿಡಿದು ತುಂಬ ಹೊತ್ತು ನಿಂತಿದ್ದೆ ಎಂದು ಆವಲಪ್ಪ ನೆನೆಯುತ್ತಾರೆ. "ಚೆಲ್ಲಿದ್ರೆ ಹಿಂದೆ ಬರೆದ ಸೊನ್ನೆಗಳೂ ಸುಳ್ಳಾಗ್ತಾವೆ ಅನ್ನಿಸ್ತು. ಆ ಸೊನ್ನೆ ನಂಬಿ ತಾನೆ ಹಡಗು ಬಂದಿದ್ದು? ಮುಂದೆ ಇನ್ಯಾವನೋ ಸೊನ್ನೆ ಅಂತ ಬರೆದಾಗ, ಇವನೂ ಚೆಲ್ಲಿರ್ತಾನೆ ಬಿಡು ಅಂದ್ಬಿಟ್ರೆ?" ಅರವತ್ತೆರಡು ಎಂದೇ ಬರೆದರು. ಪಕ್ಕದ ಷರಾದ ಅಂಕಣದಲ್ಲಿ, 'ದಿಬ್ಬದ ಮೇಲೆ ಮಾತ್ರ ಬಿದ್ದಿರುತ್ತೆ, ಬೇರೆ ಹಳ್ಳಿಗಳಲ್ಲಿ ಇರುವುದಿಲ್ಲ' ಎಂದು ಸೇರಿಸಿದರು. ಅಂದೇ ಏಳು ಹಳ್ಳಿಯನ್ನೂ ಸುತ್ತಿ ಕಣ್ಣಾರೆ ನೋಡಿ ಬಂದು ಇನ್ನೊಂದು ಕಾರ್ಡು ಹಾಕಿದರು.

ಕಚೇರಿಯಲ್ಲಿ ಅಂಕಿಯನ್ನು ಕೂಡಿಸಿದರು, ಷರಾವನ್ನು ಯಾರು ಕೂಡಿಸುತ್ತಾರೆ? ತಿಂಗಳ ಮಳೆ ಸಾಕಷ್ಟಾಗಿದೆ ಎಂದು ಏಳು ಹಳ್ಳಿಗಳೂ ಬರದ ಪಟ್ಟಿಯಿಂದ ಬಿದ್ದುಹೋದವು. ಮೇವಿನ ಕೇಂದ್ರ, ಕೂಲಿಗೆ ಕಾಳು ಕೊಡುವ ರಸ್ತೆ ಕೆಲಸ ಎಲ್ಲ ಪಕ್ಕದ ಹಳ್ಳಿಗಳಿಗೆ ಹೋಯಿತು. ಕುಂಟ್ಲಪಲ್ಲಿಯ ಬೈರಮ್ಮ, ಗಂಡನಿಲ್ಲದ ಹೆಂಗಸು, ಒಂದು ಸೀಮೆಹಸುವಿನ ಹಾಲು ಮಾರಿ ಬದುಕುತ್ತಿದ್ದವರು. ಆ ಹಸು ಮೇವಿಲ್ಲದೆ ಸತ್ತಿತು. ಸತ್ತ ದಿನ ಬೈರಮ್ಮ ಬೇಲಿಯ ಹತ್ತಿರ ಬಂದು ಒಂದು ಹಿಡಿ ಮಣ್ಣು ತೂರಿ ಹೋದರು.

ಅಂದಿನಿಂದ ಏಳು ಹಳ್ಳಿ ಆವಲಪ್ಪನವರೊಂದಿಗೆ ಮಾತು ಬಿಟ್ಟಿದೆ. ಜಗಳವಿಲ್ಲ, ಬೈಗುಳವಿಲ್ಲ. ಇವರು ಅರಳಿಕಟ್ಟೆಗೆ ಹೋದರೆ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಅಂಗಡಿಯಲ್ಲಿ ಕೇಳಿದ ಸಾಮಾನು ಮಾತಿಲ್ಲದೆ ಕಟ್ಟೆಯ ಮೇಲೆ ಬಂದು ಕೂರುತ್ತದೆ. ಹೆಂಡತಿ ಅಕ್ಕಯಮ್ಮ ಆರು ತಿಂಗಳು ತಡೆದು, ಆಮೇಲೆ ಮಾಲೂರಿನ ಕಡೆ ಲಕ್ಕೂರಿನಲ್ಲಿರುವ ಮಗಳ ಮನೆಗೆ ಹೋದವರು ಅಲ್ಲೇ ಉಳಿದರು. ತಿಂಗಳಿಗೊಂದು ಕಾಗದ ಬರುತ್ತದೆ, ನೀವೂ ಬಂದುಬಿಡಿ ಎಂದು. "ಹೋಗಬೇಕು ಅಂತ ಆಸೆ ಐತೆ," ಎನ್ನುತ್ತಾರೆ. "ಎಂಟೂವರೆಗೆ ಇಲ್ಲಿ ಯಾರು ನೋಡ್ತಾರೆ?" ತಾನೇ ಬೇಯಿಸಿಕೊಂಡ ಮುದ್ದೆಗೆ ಹುರುಳಿ ಸಾರು ಬಿಟ್ಟುಕೊಂಡು ಉಣ್ಣುವಾಗ ಕೆಲವು ಸಲ ತನ್ನ ದನಿ ಹೇಗಿತ್ತು ಎಂದು ನೋಡಲು ಜೋರಾಗಿ ಏನಾದರೂ ಅನ್ನುತ್ತಾರಂತೆ. ನಗುತ್ತಲೇ ಹೇಳಿಕೊಳ್ಳುವ ಮಾತು ಅದು.

ಜೊತೆಗಿರುವುದು ಒಂದು ರೇಡಿಯೋ. ಆ ವರ್ಷವೇ ಆಫ್ರಿಕಾದ ಬರದ ಸುದ್ದಿ ಅದರಲ್ಲಿ ದಿನವೂ ಬರುತ್ತಿತ್ತು. ಲಕ್ಷಗಟ್ಟಲೆ ಜನ ಸತ್ತ ಮೇಲೆ ದೇಶದೇಶಗಳಿಂದ ವಿಮಾನದಲ್ಲಿ ಕಾಳು ಹೋಯಿತಂತೆ. "ಅಲ್ಲೂ ನನ್ನಂಥೋನು ಒಬ್ಬ ಡಬ್ಬಿ ಮುಂದೆ ಕೂತಿರ್ತಾನೆ ಸ್ವಾಮಿ," ಎಂದು ಆವಲಪ್ಪ ದನಿ ತಗ್ಗಿಸುತ್ತಾರೆ. "ಸೊನ್ನೆ, ಸೊನ್ನೆ ಅಂತ ಒಂದು ವರ್ಷ ಮುಂಚೇನೇ ಬರೆದು ಕಳಿಸಿರ್ತಾನೆ. ಮಕ್ಕಳ ಮೂಳೆ ಕಾಣೋವರ್ಗೂ ಕಾದ್ರಲ್ಲ, ಅವನ ಕಾಗದ ಯಾರೂ ಓದಿಲ್ವೇನೋ ಪಾಪ. ಅವನ ಜೊತೇನೂ ಊರೋರು ಮಾತು ಬಿಟ್ಟಿದ್ರೆ?" ಹೆಸರೂ ಗೊತ್ತಿಲ್ಲದ ಆ ಮನುಷ್ಯ ಅವರಿಗೆ ಈಗ ಇರುವ ಒಬ್ಬನೇ ಗೆಳೆಯ.

ಆದರೆ ಅವರು ಕೈಕಟ್ಟಿ ಕೂತವರಲ್ಲ. ಸ್ಕೂಲಿನ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೆಯ ಹಾಲಿನ ಪುಡಿಯ ಡಬ್ಬಿಗಳನ್ನು ಬೇಡಿ ತಂದರು. ಬರದ ಕಾಲದಲ್ಲಿ ಹಡಗಿನಲ್ಲಿ ಬಂದ ಅವೇ ಡಬ್ಬಿಗಳು. ಗೋಡೆ ನೇರವಾಗಿರುವ ಡಬ್ಬಿಯಾದರೆ ಸಾಕು, ಮಕ್ಕಳ ಸ್ಕೇಲು ಇಳಿಬಿಟ್ಟರೆ ಎಷ್ಟು ಮಳೆ ಎಂದು ತಿಳಿಯುತ್ತದೆ. ಹಳ್ಳಿಗೊಂದರಂತೆ ಏಳು ಕಡೆ ಬಯಲಿನಲ್ಲಿ ನೆಟ್ಟರು. ಮೋಡ ಗುಡುಗಿದ ಮರುದಿನ, ಬಂಗಲೆಯ ಡಬ್ಬಿ ನೋಡಿದ ಮೇಲೆ ಹನ್ನೊಂದು ಮೈಲಿ ನಡೆದು ಏಳನ್ನೂ ನೋಡಿ ಇನ್ನೊಂದು ಪುಸ್ತಕದಲ್ಲಿ ಬರೆಯುತ್ತಾರೆ. ಈ ಎರಡನೆಯ ಪುಸ್ತಕ ಬರೆಯಿರಿ ಎಂದು ಯಾರೂ ಅವರಿಗೆ ಹೇಳಿಲ್ಲ.

ಕಳೆದ ತಿಂಗಳು ಅದನ್ನು ಮೇಲಿನ ಕಚೇರಿಗೆ ಹೊತ್ತುಕೊಂಡು ಹೋಗಿದ್ದರು. ಅಲ್ಲಿನ ಗುಮಾಸ್ತರು ಒಳ್ಳೆಯವರು, ಹಾಳೆ ತಿರುಗಿಸಿ ನೋಡಿದರು. ನೀವೊಬ್ಬರೇ ಬರೆದದ್ದನ್ನು ಒಪ್ಪುವುದು ಕಷ್ಟ, ಆಯಾ ಹಳ್ಳಿಯವರು ತಾವೂ ನೋಡಿದ್ದೇವೆ ಎಂದು ರುಜು ಹಾಕಲಿ, ಆಗ ಬಂದು ಪರಿಶೀಲಿಸುತ್ತೇವೆ ಎಂದರು. ಆವಲಪ್ಪ ಪ್ರತಿ ಸಾಲಿನ ಕೊನೆಗೆ 'ನೋಡಿದವರು' ಎಂದು ಗೆರೆ ಹಾಕಿಕೊಂಡು ಬಂದರು. ಮನೆಮನೆಯ ಮುಂದೆ ನಿಂತು ವಿಷಯವನ್ನೂ ಹೇಳಿದರು. ಯಾರೂ ಹೊರಗೆ ಬರಲಿಲ್ಲ. ಆ ಅಂಕಣ ಇವತ್ತಿಗೂ ಖಾಲಿ. ಈ ಸಲದ ಬರದ ಪಟ್ಟಿ ಶನಿವಾರಕ್ಕೆ ಮುಗಿಯುತ್ತದೆ, ಇವತ್ತು ಬುಧವಾರ. ರಾತ್ರಿ ಮತ್ತೆ ದಿಬ್ಬದ ಮೇಲೆ ಸುರಿದಿದೆ.

ಎಂಟೂವರೆ ಆಯಿತು. ಆವಲಪ್ಪ ಲಾಳಿಕೆ ಎತ್ತಿ, ಸೀಸೆ ತೆಗೆದು, ಲೋಟಕ್ಕೆ ಬಗ್ಗಿಸುತ್ತಾರೆ. ಹೊಟ್ಟೆಯ ಮೇಲೆ ಮಲಗಿ ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಹದಿನೆಂಟು. ಹಾಗೆಯೇ ಬರೆಯುತ್ತಾರೆ, ಅಂಕಿ ನೆಟ್ಟಗಿದೆ. ಎದ್ದು ಮಣ್ಣು ಕೊಡವಿಕೊಂಡು, ಹನ್ನೊಂದು ಮೈಲಿ ನಡೆಯಲು ಟವೆಲನ್ನು ತಲೆಗೆ ಸುತ್ತಿಕೊಳ್ಳುವ ಹೊತ್ತಿಗೆ ಬೇಲಿಯಾಚೆ ಯಾರೋ ಬಂದು ನಿಂತ ಹಾಗಾಗುತ್ತದೆ.

ಬೈರಮ್ಮ. ಕುಂಟ್ಲಪಲ್ಲಿಯಿಂದ ಎರಡು ಮೈಲಿ ನಡೆದು ಬಂದಿದ್ದಾರೆ. ಸೆರಗಿನೊಳಗೆ ಏನನ್ನೋ ಅವುಚಿ ಹಿಡಿದಿದ್ದಾರೆ. ಸೆರಗು ಸರಿಸಿ ಹಾಲಿನ ಪುಡಿಯ ಡಬ್ಬಿಯನ್ನು ಬೇಲಿಯ ಮೇಲಿನಿಂದ ಚಾಚುತ್ತಾರೆ.

"ನೋಡಣ್ಣ. ರಾತ್ರಿ ಇಲ್ಲಿ ಮಿಂಚಿದ್ದು ನಮ್ಮೂರಿಗೆ ಕಾಣಿಸ್ತು. ಬೆಳಿಗ್ಗೆ ಎದ್ದು ನೋಡ್ದೆ. ಒಂದು ಹನೀನೂ ಇಲ್ಲ. ಬಾಯಿಮಾತು ನಂಬಲ್ಲಾಂತ ಡಬ್ಬೀನೇ ಕಿತ್ಕೊಂಡು ಬಂದೆ."

ಡಬ್ಬಿಯ ತಳದಲ್ಲಿ ಒಣ ದೂಳು, ಒಂದು ಸತ್ತ ಇರುವೆ. ಆವಲಪ್ಪ ಅದನ್ನೇ ನೋಡುತ್ತಾ ನಿಲ್ಲುತ್ತಾರೆ. ಎರಡು ವರ್ಷದ ಮೇಲೆ ಒಬ್ಬರು ಅಣ್ಣ ಅಂದಿದ್ದಾರೆ. ಆದರೂ ಕೆಲಸದ ಮಾತೇ ಬಾಯಿಗೆ ಬರುತ್ತದೆ. "ಡಬ್ಬಿ ಕೀಳಬಾರದಮ್ಮ. ಇಟ್ಟ ಜಾಗದಲ್ಲೇ ಇರಬೇಕು."

"ಹಂಗಾದ್ರೆ ಬಂದು ನೀನೇ ಇಟ್ಟು ತೋರ್ಸು. ನಾಳೆಯಿಂದ ನಾನೇ ನೋಡ್ತೀನಿ," ಎನ್ನುತ್ತಾರೆ ಬೈರಮ್ಮ. ಮುಖ ಬೇರೆ ಕಡೆ ತಿರುಗಿಸಿಕೊಂಡು, "ನನ್ನ ಹಸು ಹೋಗಿದ್ದಕ್ಕೆ ನಿನ್ನ ಮೇಲೆ ಕೋಪ ಇನ್ನೂ ಐತೆ. ಅದು ಹೋಗಲ್ಲ. ಆದ್ರೆ ನೀನು ಆವತ್ತು ಸುಳ್ಳು ಬರೆದಿದ್ರೆ ಇವತ್ತು ಈ ಡಬ್ಬೀನ ಯಾರು ನಂಬ್ತಾರೆ ಅಂತಾನೂ ಅನ್ನಿಸ್ತು," ಎಂದು ಸೇರಿಸುತ್ತಾರೆ.

ಆವಲಪ್ಪ ಎರಡನೆಯ ಪುಸ್ತಕ ತೆರೆದು ಕುಂಟ್ಲಪಲ್ಲಿಯ ಸಾಲಿನಲ್ಲಿ ಸೊನ್ನೆ ಬರೆಯುತ್ತಾರೆ. ಬೈರಮ್ಮನಿಗೆ ಓದು ಬರಹ ಬಾರದು. ಪೆನ್ನಿನ ಶಾಯಿಯನ್ನು ಆಕೆಯ ಹೆಬ್ಬೆರಳಿಗೆ ಸವರಿ, ಖಾಲಿ ಅಂಕಣ ತೋರಿಸುತ್ತಾರೆ. ಹುಲ್ಲು ಕೊಯ್ದು ಒರಟಾದ ಬೆರಳು 'ನೋಡಿದವರು' ಎಂಬಲ್ಲಿ ಗಟ್ಟಿಯಾಗಿ ಒತ್ತುತ್ತದೆ. ಶಾಯಿ ಆರುವವರೆಗೆ ಆವಲಪ್ಪ ಹಾಳೆಯನ್ನು ಬಾಯಿಂದ ಊದುತ್ತಾರೆ, ಆಮೇಲೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬೇಲಿಯ ಬಾಗಿಲು ಹಾಕುತ್ತಾರೆ. ಡಬ್ಬಿ ಬೈರಮ್ಮನ ಕೈಯಲ್ಲಿ. ಕುಂಟ್ಲಪಲ್ಲಿಯ ಹಾದಿಯಲ್ಲಿ ಇಬ್ಬರೂ ನಡೆಯುತ್ತಿರುವಾಗ, ನಿಮ್ಮ ಆಸೆ ಏನು ಎಂಬ ನಮ್ಮ ಪ್ರಶ್ನೆಗೆ ಆವಲಪ್ಪ ತುಂಬ ಯೋಚಿಸುವುದಿಲ್ಲ.

"ಒಂದು ಹಳ್ಳಿ ಆಯ್ತಲ್ಲ," ಎನ್ನುತ್ತಾರೆ. "ಶನಿವಾರದೊಳಗೆ ಇನ್ನು ಆರು."