ತಕ್ಕವರಲ್ಲ ಎಂದು ಬರೆದವಳು ನಾನು

ಕಮಿಟಿ ಎಂಬುದು ಇರಲೇ ಇಲ್ಲ, ಸುಮತಿಯವರೇ. ನಿಮ್ಮ ಮೌಲ್ಯಮಾಪನದ ಹಾಳೆಯಲ್ಲಿ 'ಈ ಕೆಲಸಕ್ಕೆ ತಕ್ಕವರಲ್ಲ' ಎಂದು ಬರೆದವಳು ನಾನೊಬ್ಬಳೇ. ತಿಳಿಯದೆ ಬರೆದದ್ದಲ್ಲ — ನಿಮ್ಮನ್ನು ಚೆನ್ನಾಗಿ ಅರಿತ ಮೇಲೇ ಬರೆದೆ.

ಹೈದರಾಬಾದಿನ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ನಾನು ಮೈಸೂರಿನಿಂದ ಬಂದ ಮನಶ್ಶಾಸ್ತ್ರಜ್ಞೆ. ಅಮೀರ್‌ಪೇಟ್‌ನಲ್ಲಿ, ಕಂಪ್ಯೂಟರ್ ಕೋಚಿಂಗ್ ಕ್ಲಾಸಿನ ಮೇಲಿನ ಮಹಡಿಯಲ್ಲಿ, ಆಟಿಸಂ ಇರುವವರೊಡನೆ ಕೆಲಸ ಮಾಡುವವರಿಗೆ ತರಬೇತಿ ಕೊಡುತ್ತಿದ್ದೆ. ಚಿಕ್ಕ ಮಕ್ಕಳಿಗೆ ಅಷ್ಟಿಷ್ಟು ವ್ಯವಸ್ಥೆಯಿತ್ತು. ಬೆಳೆದು ದೊಡ್ಡವರಾದವರಿಗೆ ಏನೂ ಇರಲಿಲ್ಲ. ಅವರಿಗಾಗಿ ಒಂದು ಕೇಂದ್ರ ತೆರೆಯುವುದಿತ್ತು. ಅಲ್ಲಿಗೆ ನಿಮ್ಮ ತಂಡದಿಂದ ಒಬ್ಬರನ್ನು ಆರಿಸಿ ಕೊಡುವ ಹೊಣೆ ನನ್ನದು. ನೀವು ರಾಯಚೂರು ಕಡೆಯವರು, ನಲವತ್ತು ದಾಟಿದವರು, ಶಾಲೆಯೊಂದರಲ್ಲಿ ಆಯಾ ಆಗಿದ್ದವರು. ಮಾತಾಡುವಾಗ ನನ್ನ ಮುಖ ಬಿಟ್ಟು ಕಿಟಕಿ ನೋಡುತ್ತಿದ್ದಿರಿ.

ಆ ದಿನ ಅಭ್ಯಾಸಕ್ಕೆಂದು ಮೂವತ್ತೆಂಟು ವರ್ಷದ ವೆಂಕಟೇಶರನ್ನು ಅವರ ಅಕ್ಕ ಕರೆತಂದಿದ್ದರು. ಅವರು ಮೇಜಿನ ಕೆಳಗೆ ಸೇರಿ, "ಐದ ನಿಮಿಷ, ಐದ ನಿಮಿಷ" ಎನ್ನುತ್ತ ಹಣೆ ಬಡಿದುಕೊಳ್ಳತೊಡಗಿದರು. ನಾವೆಲ್ಲ ಚಿತ್ರದ ಕಾರ್ಡು, ಬಿಸ್ಕತ್ತು, ಮುದ್ದಿನ ಮಾತು — ಏನೇನೋ ಮಾಡಿದೆವು. ನೀವು ಎದ್ದು ಬಂದು ಕಟಕಟ ಎನ್ನುತ್ತಿದ್ದ ಫ್ಯಾನ್ ಆರಿಸಿದಿರಿ. ಗೋಡೆಯ ಗಡಿಯಾರ ಇಳಿಸಿ ನೆಲದ ಮೇಲಿಟ್ಟು, ಅವರ ಕಡೆ ನೋಡದೆ, ಪಕ್ಕಕ್ಕೆ ಕೂತಿರಿ.

"ಐದ ನಿಮಿಷ ಆಗಿ ಹೋಗೇತ್ರಿ ಅಣ್ಣಾರ. ನಾವು ಸುಳ್ಳ ಹೇಳೀವಿ. ಸಣ್ಣ ಮುಳ್ಳು ಹನ್ನೆರಡಕ್ಕ ಬಂತಂದ್ರ ಮನಿಗೆ ಹೋಗೂದು."

ಬಡಿತ ನಿಂತಿತು. ವೆಂಕಟೇಶ ಗಡಿಯಾರವನ್ನೇ ನೋಡಿದರು. ಮೆಲ್ಲಗೆ ಹೊರಗೆ ಬಂದು ಅದರ ಮುಂದೆ ಕೂತರು. ಅವರ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಹುಟ್ಟಿದಾಗಿಂದ ನನ್ನ ತಮ್ಮಗ ಐದ ನಿಮಿಷ ಅನಕೋತನ ಬಂದೀವ್ರಿ..." ಎಂದರು. ಇಷ್ಟು ವರ್ಷ ಓದಿದ ನನಗೆ ಕಾಣದ್ದು ನಿಮಗೆ ಹಾಗೆ, ಒಂದೇ ನೋಟಕ್ಕೆ — ಅಂಥದ್ದನ್ನು ನಾನು ಮತ್ತೆಂದೂ ಕಂಡಿಲ್ಲ. ಇಂದಿಗೂ ನೆನೆದರೆ ಕೈ ಮುಗಿಯಬೇಕೆನಿಸುತ್ತದೆ.

ಮರುದಿನ ನನ್ನ ಪಾಠದ ನಡುವೆ ನೀವು ಎದ್ದು ನಿಂತಿರಿ.

"ಮೇಡಂ, ಅವರಿಗೆ ಇನ್ನೊಬ್ಬರ ನೋವು ತಿಳಿಯೂದಿಲ್ಲ ಅಂತ ಬರದೀರಿ. ತಪ್ಪೈತ್ರಿ. ಭಾಳ ತಿಳಿತೈತಿ. ಅದಕ್ಕ ಕಿವಿ ಮುಚ್ಕೋತೀವಿ."

ಮುಚ್ಕೋತಾರ ಎನ್ನಲಿಲ್ಲ — ಮುಚ್ಕೋತೀವಿ. ತರಗತಿಯಲ್ಲಿ ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ. ಆ ಕಿಟಕಿಯ ನೋಟ, ದಿನವೂ ಒಂದೇ ಬಗೆಯ ಸೀರೆ, ಚಪ್ಪಾಳೆಗೆ ಬೆಚ್ಚುವುದು — ಎಲ್ಲವೂ ಅರ್ಥವಾಯಿತು. ನೀವೂ ಅವರಲ್ಲೊಬ್ಬರು. ಅಂದು ಸಂಜೆಯೇ ಆ ಹಾಳೆ ತುಂಬಿದೆ: 'ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದಿಲ್ಲ.' ಬೆರಗು ಆಗಲೂ ನನ್ನೊಳಗೆ ಇತ್ತು. ಬೆರಗಿನ ಪಕ್ಕದಲ್ಲೇ ಅಸೂಯೆಯೂ ಕೂತಿತ್ತು. ನಾನು ಪಾಠ ಹೇಳುತ್ತಿದ್ದುದು ಯಾರ ಬಗ್ಗೆಯೋ ಅವರೇ ನನ್ನನ್ನು ತಿದ್ದುವುದೆಂದರೆ...

ಆಯ್ಕೆಯಾಗಲಿಲ್ಲವೆಂದು ತಿಳಿದ ಮೇಲೆ ನೀವು ಬಂದು ಕೇಳಿದಿರಿ: "ಏನ ತಪ್ಪಾತ್ರಿ? ಹೇಳ್ರಿ, ತಿದ್ಕೋತೀನಿ."

"ಕಮಿಟಿಯ ತೀರ್ಮಾನ," ಎಂದೆ.

"ಹಂಗಾರ ಆತ್ರಿ," ಎಂದು ಮೆಟ್ಟಿಲಿಳಿದು ಹೋದಿರಿ.

ಕೇಂದ್ರ ತೆರೆಯಿತು, ನಾನು ಆರಿಸಿದ ಚೂಟಿ ಮಾತಿನ ಹುಡುಗಿ ಆರು ತಿಂಗಳಿಗೆ ಬಿಟ್ಟಳು. ವೆಂಕಟೇಶ ಅಲ್ಲಿಗೆ ಎರಡು ಸಲ ಬಂದು, ಮತ್ತೆ ಬರಲಿಲ್ಲ. ಗಡಿಯಾರದ ಪಾಠವನ್ನು ನಾನು ಊರೂರಿನಲ್ಲಿ ಹೇಳಿದೆ — ನನ್ನದೇ ಅನುಭವವೆಂಬಂತೆ.

ನಿಮ್ಮ ಈಗಿನ ವಿಳಾಸ ಹೋದ ವಾರ ಸಿಕ್ಕಿತು. ಈ ಪತ್ರಕ್ಕೆ ನೀವು ಉತ್ತರ ಬರೆಯಬೇಕೆಂದಿಲ್ಲ. ಸೋಮವಾರ ಹೊಸ ತಂಡ ಬರುತ್ತದೆ. ಮೊದಲ ಪಾಠವಾಗಿ ಇದನ್ನೇ ಅವರಿಗೆ ಓದಿ ಹೇಳುತ್ತೇನೆ. ನಿಮ್ಮ ಹೆಸರು ಹೇಳುವ ಅಧಿಕಾರ ನನಗಿಲ್ಲ. ನನ್ನ ಹೆಸರನ್ನು ಮಾತ್ರ ಹೇಳುತ್ತೇನೆ.